ಜಾಬ್ ವರ್ಕ್ ನಗರಿಯಲ್ಲಿ ಸ್ವಂತ ಆಟ ಕಟ್ಟುವವರು

ಬೆಂಗಳೂರು: ಮಾಗಡಿ ರಸ್ತೆಯಿಂದ ಕಾಮಾಕ್ಷಿಪಾಳ್ಯ ಕೈಗಾರಿಕಾ ಪ್ರದೇಶದ ಅಡ್ಡರಸ್ತೆಗಳಿಗೆ ತಿರುಗಿದವರ ಕಿವಿಗೆ ಮೊದಲು ಬೀಳುವುದು ಲೇತ್ ಯಂತ್ರಗಳ ಸದ್ದು. ಒಂದೆರಡು ಯಂತ್ರ, ನಾಲ್ಕಾರು ಕೆಲಸಗಾರರು, ಬಾಗಿಲ ಮೇಲೊಂದು ಫಲಕ. ಇಲ್ಲಿನ ಬದುಕನ್ನು ಹೇಳಲು ಎರಡು ಪದ ಸಾಕು: ಜಾಬ್ ವರ್ಕ್. ನಕ್ಷೆ ಬೇರೆಯವರದು, ಕಚ್ಚಾ ವಸ್ತು ಬಹುಪಾಲು ಬೇರೆಯವರದು, ಕೈಚಳಕ ಮಾತ್ರ ಇಲ್ಲಿಯದು. ಸಿದ್ಧಗೊಂಡ ಬಿಡಿಭಾಗ ಯಾವುದೋ ಯಂತ್ರದ ಒಡಲು ಸೇರುತ್ತದೆ. ಆ ಯಂತ್ರದ ಮೇಲೆ ಕಾಮಾಕ್ಷಿಪಾಳ್ಯದ ಹೆಸರು ಇರುವುದಿಲ್ಲ.

ವಿಡಿಯೊ ಗೇಮ್ ಕುರಿತ ಬರಹ ಲೇತ್ ಅಂಗಡಿಯಿಂದ ಆರಂಭವಾಗುವುದಕ್ಕೆ ಕಾರಣವಿದೆ. ಬೆಂಗಳೂರಿನ ಗೇಮ್ ಉದ್ಯಮ ಬೆಳೆದು ನಿಂತದ್ದೂ ಬಹುಮಟ್ಟಿಗೆ ಜಾಬ್ ವರ್ಕ್‌ನಿಂದಲೇ. ಅದನ್ನು ಬಿಟ್ಟು ತನ್ನದೇ ನಕ್ಷೆ, ತನ್ನದೇ ಹೆಸರಿನಲ್ಲಿ ಆಟವೊಂದನ್ನು ತಯಾರಿಸಿ ಮಾರಲು ಹೊರಟವರನ್ನು ಉದ್ಯಮದ ಭಾಷೆಯಲ್ಲಿ 'ಇಂಡಿ ಡೆವಲಪರ್' ಎನ್ನುತ್ತಾರೆ. ಸ್ವತಂತ್ರ ಆಟ ತಯಾರಕ ಎಂದು ಕನ್ನಡದಲ್ಲಿ ಹೇಳಬಹುದು. ಈ ಸ್ವಾತಂತ್ರ್ಯದ ಬೆಲೆ ಎಷ್ಟು ಎಂಬುದೇ ಈ ಲೇಖನದ ವಿಷಯ.

ಪರರ ಆಟಕ್ಕೆ ನಮ್ಮ ಬಿಡಿಭಾಗ

ರಾಜೇಶ್ ರಾವ್ ಅವರು ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್, 1997ರಲ್ಲಿ ಗೇಮ್ ಕ್ಷೇತ್ರಕ್ಕೆ ಕಾಲಿಟ್ಟಿತು. ದೇಶದ ಮೊದಲ ಗೇಮ್ ಸಂಸ್ಥೆಗಳ ಪಟ್ಟಿಯಲ್ಲಿ ಅದರ ಹೆಸರು ತಪ್ಪದೆ ಬರುತ್ತದೆ. ಮೈಕ್ರೋಸಾಫ್ಟ್‌ನ ಪ್ರಸಿದ್ಧ ಕಾರು ಪಂದ್ಯದ ಆಟ 'ಫೋರ್ಜಾ' ಸರಣಿಗೆ ಚಿತ್ರಕೆಲಸ ಮಾಡಿಕೊಟ್ಟವರಲ್ಲಿ ಇಲ್ಲಿನ ಕಲಾವಿದರೂ ಇದ್ದರು. 2019ರಲ್ಲಿ 'ಗ್ರ್ಯಾಂಡ್ ಥೆಫ್ಟ್ ಆಟೊ' ತಯಾರಿಸುವ ರಾಕ್‌ಸ್ಟಾರ್ ಗೇಮ್ಸ್ ಧ್ರುವವನ್ನು ಖರೀದಿಸಿ ತನ್ನ ಭಾರತೀಯ ಶಾಖೆಯಲ್ಲಿ ವಿಲೀನಗೊಳಿಸಿತು. ಅಂದರೆ ವಿಶ್ವದ ಅತಿ ದೊಡ್ಡ ಆಟಗಳ ಕಾರು, ಕಟ್ಟಡ, ಮರಗಿಡಗಳನ್ನು ರೂಪಿಸುವ ಕೈಗಳು ಈ ನಗರದಲ್ಲಿ ಇವೆ. ಕೌಶಲದ ಕೊರತೆ ನಮ್ಮಲ್ಲಿಲ್ಲ.

ಕೊರತೆ ಇರುವುದು ಭದ್ರತೆಯಲ್ಲಿ. 2025ರ ಫೆಬ್ರುವರಿಯಲ್ಲಿ ಫ್ರಾನ್ಸ್ ಮೂಲದ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನ ಅದರ ಸ್ಟುಡಿಯೊಗಳೂ ಬಾಗಿಲು ಮುಚ್ಚಿದವು. ಚಲನಚಿತ್ರ, ಅನಿಮೇಷನ್ ಮತ್ತು ಗೇಮ್‌ಗಳಿಗೆ ಚಿತ್ರಕೆಲಸ ಮಾಡುತ್ತಿದ್ದ ಸಾವಿರಾರು ಮಂದಿ ಒಮ್ಮೆಗೇ ಅತಂತ್ರರಾದರು. ಇಲ್ಲಿ ಕೆಲಸ ಕೆಟ್ಟಿರಲಿಲ್ಲ. ಕೆಟ್ಟದ್ದು ದೂರದ ಪ್ಯಾರಿಸ್‌ನ ಲೆಕ್ಕಪುಸ್ತಕ. ದೊಡ್ಡ ಕಾರ್ಖಾನೆಯೊಂದು ಆರ್ಡರ್ ನಿಲ್ಲಿಸಿದಾಗ ಕಾಮಾಕ್ಷಿಪಾಳ್ಯದ ಅಂಗಡಿಯ ಶಟರ್ ಇಳಿಯುವ ರೀತಿಯೂ ಇದೇ.

ಇಂಥ ಅನುಭವದ ಬಳಿಕ ಸ್ವಂತ ಆಟದ ಆಸೆ ಹುಟ್ಟುವುದು ಸಹಜ. ಉದಾಹರಣೆಗಳು ನಮ್ಮ ರಾಜ್ಯದಲ್ಲೇ ಇವೆ. ಬೆಂಗಳೂರಿನ ಕ್ಸಿಗ್ಮಾ ಗೇಮ್ಸ್ ಎಂಬ ಪುಟ್ಟ ತಂಡ 'ದಿ ಬಾನ್‌ಫೈರ್' ಆಟದಿಂದ ಹೆಸರು ಮಾಡಿತು. ಸೋನಿ ಸಂಸ್ಥೆ 2023ರಲ್ಲಿ ಪ್ರಕಟಿಸಿದ 'ಇಂಡಿಯಾ ಹೀರೊ ಪ್ರಾಜೆಕ್ಟ್'ನ ಮೊದಲ ತಂಡದ ಐದು ಆಟಗಳಲ್ಲಿ ಅದರ 'ಮೀಟಿಯೊರಾ' ಕೂಡ ಒಂದು. ರಾಜಧಾನಿಯೇ ಬೇಕೆಂದಿಲ್ಲ ಎಂಬುದಕ್ಕೆ ಉಡುಪಿಯ 99ಗೇಮ್ಸ್ ಸಾಕ್ಷಿ. ರೋಹಿತ್ ಭಟ್ ಅವರ ಈ ಸಂಸ್ಥೆ 2014ರಲ್ಲಿ ಹೊರತಂದ 'ಸ್ಟಾರ್ ಶೆಫ್' ಎಂಬ ಅಡುಗೆಮನೆ ಆಟ ದೇಶವಿದೇಶಗಳ ಮೊಬೈಲ್‌ಗಳನ್ನು ತಲುಪಿತು. ಹೋಟೆಲ್ ಉದ್ಯಮಕ್ಕೆ ಹೆಸರಾದ ಊರಿನಿಂದ ಅಡುಗೆಮನೆಯ ಆಟವೇ ಬಂದದ್ದು ಎಷ್ಟು ಸೂಕ್ತ!

ಆದರೆ ಇವೆಲ್ಲ ತಂಡಗಳು. ಕೋಣೆಯಲ್ಲಿ ಒಬ್ಬನೇ ಕುಳಿತವನ ಕಥೆ ಬೇರೆ.

ಒಂದು ದಿನ ಹೀಗೆ ಕಳೆಯುತ್ತದೆ

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಕಾಮಾಕ್ಷಿಪಾಳ್ಯದ ವರ್ಕ್‌ಶಾಪೊಂದರ ಮೇಲಿನ ಮಹಡಿಯಲ್ಲಿ ಕೋಣೆ ಬಾಡಿಗೆ ಹಿಡಿದ ಯುವಕನೊಬ್ಬ ಸ್ವಂತ ಆಟ ತಯಾರಿಸುತ್ತಿದ್ದಾನೆ ಎಂದಿಟ್ಟುಕೊಳ್ಳಿ. ವ್ಯಕ್ತಿ ಕಲ್ಪಿತನಾದರೂ ದಿನಚರಿ ಈ ಕಸುಬಿನದೇ.

ಬೆಳಗಿನ ಅವಧಿ ತಪ್ಪು ತಿದ್ದುವುದಕ್ಕೆ ಮೀಸಲು. ನಿನ್ನೆ ರಾತ್ರಿ ಸರಿಯಾಗಿದ್ದ ಬಾಗಿಲು ಇಂದು ತೆರೆಯುವುದಿಲ್ಲ. ನಾಯಕ ಗೋಡೆಯೊಳಗೆ ಸಿಕ್ಕಿಕೊಳ್ಳುತ್ತಾನೆ. ಒಂದನ್ನು ಸರಿಪಡಿಸಿದರೆ ಇನ್ನೆರಡು ಕೆಡುತ್ತವೆ. ಮಧ್ಯಾಹ್ನ ಬೇರೆ ಯಾರದೋ ಆಪ್‌ಗೆ, ಜಾಹೀರಾತಿಗೆ ಚಿತ್ರ ಮಾಡಿಕೊಡುವ ಕೆಲಸ. ಬಾಡಿಗೆ ಹುಟ್ಟುವುದು ಅಲ್ಲಿಂದ. ಕೆಳಗಿನ ಅಂಗಡಿಯಲ್ಲೂ ಜಾಬ್ ವರ್ಕ್, ಮೇಲಿನ ಕೋಣೆಯಲ್ಲೂ ಜಾಬ್ ವರ್ಕ್. ಸಂಜೆಯ ನಂತರ ಮತ್ತೆ ಸ್ವಂತ ಆಟ. ಯಂತ್ರಗಳು ನಿಂತು ಬೀದಿ ಮೌನವಾದ ಮೇಲೆಯೇ ಹೆಜ್ಜೆ ಸದ್ದು, ಬಾಗಿಲ ಕಿರ್ರೆನ್ನುವ ಸದ್ದುಗಳ ಧ್ವನಿಮುದ್ರಣ ಸಾಧ್ಯ.

ಹೊರಗಿನವರಿಗೆ ಈ ಕೆಲಸದ ಸೂಕ್ಷ್ಮ ಸುಲಭವಾಗಿ ತಿಳಿಯುವುದಿಲ್ಲ. ಒಂದು ನೆಗೆತವನ್ನೇ ನೋಡಿ. ಗುಂಡಿ ಒತ್ತಿದರೆ ಪಾತ್ರ ನೆಗೆಯಬೇಕು, ಅಷ್ಟೇ ಅಲ್ಲವೇ? ಅಲ್ಲ. ಸಾಮಾನ್ಯವಾಗಿ ಪರದೆಯ ಚಿತ್ರ ಸೆಕೆಂಡಿಗೆ 60 ಬಾರಿ ಬದಲಾಗುತ್ತದೆ. ಒಂದೊಂದು ಚಿತ್ರಕ್ಕೆ ಸಿಗುವ ಕಾಲ ಸುಮಾರು 16 ಮಿಲಿಸೆಕೆಂಡ್. ಆಡುವವನು ಬಂಡೆಯ ಅಂಚಿನಲ್ಲಿ ಗುಂಡಿ ಒತ್ತುವುದು ಅನೇಕ ಬಾರಿ ಕೂದಲೆಳೆಯಷ್ಟು ತಡವಾಗಿರುತ್ತದೆ. ಲೆಕ್ಕ ಕರಾರುವಾಕ್ಕಾಗಿದ್ದರೆ ಪಾತ್ರ ಕೆಳಗೆ ಬೀಳುತ್ತದೆ, ಆಡುವವನು ಆಟವನ್ನು ಬೈಯುತ್ತಾನೆ. ಆದ್ದರಿಂದ ಅಂಚು ದಾಟಿದ ನಂತರವೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕಾಲ ನೆಗೆಯಲು ಗುಟ್ಟಾಗಿ ಅವಕಾಶ ಕೊಡಲಾಗುತ್ತದೆ. ಆಡುವವನಿಗೆ ಇದು ಗೊತ್ತೇ ಆಗುವುದಿಲ್ಲ, ಆಟ 'ಚೆನ್ನಾಗಿದೆ' ಎನಿಸುತ್ತದೆ. ಎಷ್ಟು ಸಡಿಲ ಬಿಡಬೇಕು ಎಂಬುದನ್ನು ಕಂಡುಕೊಳ್ಳಲು ವಾರಗಳೇ ಹಿಡಿಯಬಹುದು. ಕೆಳಗಿನ ಅಂಗಡಿಯ ಟರ್ನರ್ ಇದನ್ನೇ 'ಟಾಲರೆನ್ಸ್' ಎನ್ನುತ್ತಾನೆ. ಮೇಲೆ ಕೆಳಗೆ ಇರುವ ಈ ಇಬ್ಬರೂ ಪರಸ್ಪರ ಮಾತಾಡಿದರೆ ಬೇಗನೆ ಅರ್ಥಮಾಡಿಕೊಂಡಾರು.

ಇಂಥ ಏಕಾಂಗಿ ದುಡಿಮೆಗೆ ಜಗತ್ತು ಕೊಡುವ ದೊಡ್ಡ ಉದಾಹರಣೆ ಅಮೆರಿಕದ ಎರಿಕ್ ಬ್ಯಾರೋನ್. 'ಸ್ಟಾರ್‌ಡ್ಯೂ ವ್ಯಾಲಿ' ಎಂಬ ಬೇಸಾಯದ ಆಟವನ್ನು ಅವರು ಸುಮಾರು ನಾಲ್ಕೂವರೆ ವರ್ಷ ಒಬ್ಬರೇ ಕಟ್ಟಿದರು. ಚಿತ್ರ, ಸಂಗೀತ, ಸಂಭಾಷಣೆ, ಪ್ರೋಗ್ರಾಂ ಎಲ್ಲವೂ ಅವರದೇ. ಆ ಅವಧಿಯಲ್ಲಿ ಸಿಯಾಟಲ್‌ನ ರಂಗಮಂದಿರವೊಂದರಲ್ಲಿ ಪ್ರೇಕ್ಷಕರಿಗೆ ಆಸನ ತೋರಿಸುವ ಅರೆಕಾಲಿಕ ಕೆಲಸ ಮಾಡುತ್ತಿದ್ದರು. 2016ರಲ್ಲಿ ಬಿಡುಗಡೆಯಾದ ಆಟ ಕೋಟಿಗಟ್ಟಲೆ ಪ್ರತಿ ಮಾರಾಟವಾಯಿತು. ಈ ಕಥೆಯನ್ನು ಕೇಳಿ ಕೆಲಸ ಬಿಟ್ಟವರು ಅನೇಕರು. ಗೆದ್ದವನ ಕಥೆ ಮಾತ್ರ ನಮ್ಮನ್ನು ತಲುಪುತ್ತದೆ ಎಂಬುದನ್ನು ಅವರು ಮರೆತಿರುತ್ತಾರೆ.

ನಮ್ಮ ದೇಶದ ಕಥೆ ಹೆಚ್ಚು ಕಠಿಣ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಯಾರಿಸಿದ 'ರಾಜಿ' ಆಟಕ್ಕೆ ಸಾರ್ವಜನಿಕರಿಂದ ಹಣ ಸಂಗ್ರಹಿಸುವ ಯತ್ನ ವಿಫಲವಾಗಿತ್ತು. ಸಂಸ್ಥೆ ಉಳಿಸಲು ಸ್ಥಾಪಕರಲ್ಲಿ ಒಬ್ಬರು ಮನೆಯನ್ನೇ ಮಾರಬೇಕಾಯಿತು. 2020ರಲ್ಲಿ ಬಿಡುಗಡೆಯಾದ ಆ ಆಟ 'ದಿ ಗೇಮ್ ಅವಾರ್ಡ್ಸ್'ನಲ್ಲಿ ಅತ್ಯುತ್ತಮ ಚೊಚ್ಚಲ ಆಟದ ವಿಭಾಗಕ್ಕೆ ನಾಮನಿರ್ದೇಶನ ಪಡೆಯಿತು. ಗೌರವ ಬಂದದ್ದು ಮನೆ ಹೋದ ಮೇಲೆ.

ಮುನ್ನೂರು ರೂಪಾಯಿಯಲ್ಲಿ ಕೈಗೆಷ್ಟು?

ಕಂಪ್ಯೂಟರ್ ಆಟಗಳ ಅತಿ ದೊಡ್ಡ ಮಾರುಕಟ್ಟೆ ಅಮೆರಿಕದ ವಾಲ್ವ್ ಸಂಸ್ಥೆಯ 'ಸ್ಟೀಮ್'. ಅಲ್ಲಿ ಮಳಿಗೆ ತೆರೆಯಲು ಪ್ರತಿ ಆಟಕ್ಕೆ 100 ಡಾಲರ್ ಶುಲ್ಕ ಕಟ್ಟಬೇಕು. ನಮ್ಮ ಹಣದಲ್ಲಿ ಎಂಟು ಸಾವಿರ ರೂಪಾಯಿಗೂ ಮೇಲೆ. ಆಟದಿಂದ 1,000 ಡಾಲರ್ ವಹಿವಾಟು ಆದರೆ ಮಾತ್ರ ಅದು ಮರಳಿ ಬರುತ್ತದೆ.

ಆಟದ ಬೆಲೆ 300 ರೂಪಾಯಿ ಎಂದುಕೊಳ್ಳಿ. ಅದರಲ್ಲಿ ಶೇ. 18ರ ಜಿಎಸ್‌ಟಿ ಅಡಗಿದೆ. ತೆರಿಗೆ ಕಳೆದರೆ ಉಳಿಯುವುದು ಸುಮಾರು 254 ರೂಪಾಯಿ. ಅದರಲ್ಲಿ ಶೇ. 30 ಮಳಿಗೆಯ ಪಾಲು, ಅಂದರೆ 76 ರೂಪಾಯಿ. ತಯಾರಕನಿಗೆ ದಕ್ಕುವುದು 178 ರೂಪಾಯಿ. ನಮ್ಮ ಯುವಕ ತಿಂಗಳಿಗೆ 25,000 ರೂಪಾಯಿಯಲ್ಲಿ ಬದುಕಿ, ಎರಡು ವರ್ಷದಲ್ಲಿ ಆಟ ಮುಗಿಸಿದರೆ ಆಗುವ ಖರ್ಚು 6 ಲಕ್ಷ. ಅದನ್ನು ಹಿಂಪಡೆಯಲು ಹೆಚ್ಚುಕಡಿಮೆ 3,370 ಪ್ರತಿ ಮಾರಾಟವಾಗಬೇಕು. ಕಂಪ್ಯೂಟರಿನ ಬೆಲೆ, ಆದಾಯ ತೆರಿಗೆ, ಬ್ಯಾಂಕ್ ಶುಲ್ಕ ಇದರಲ್ಲಿ ಸೇರಿಲ್ಲ. ಖರೀದಿಸಿದ 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಗ್ರಾಹಕ ಹಣ ವಾಪಸ್ ಕೇಳಬಹುದು. ಎರಡೇ ಗಂಟೆಯಲ್ಲಿ ಮುಗಿಯುವ ಪುಟ್ಟ, ಸುಂದರ ಆಟ ಮಾಡಿದವನ ಪಾಡು ಏನು ಎಂಬುದು ಸ್ವತಂತ್ರ ತಯಾರಕರ ಹಳೆಯ ದೂರು. ಗ್ರಾಹಕನಾಗಿ ನೋಡಿದರೆ ಈ ನಿಯಮ ನ್ಯಾಯವಾದದ್ದೇ. ತಯಾರಕನಾಗಿ ನೋಡಿದರೆ, ಊಟ ಮುಗಿಸಿ ಬಿಲ್ಲು ಹರಿದಂತೆ.

ಅಮೆರಿಕದ ಗ್ರಾಹಕರಿಂದ ಬರುವ ಹಣದ ಮೇಲೆ ಅಲ್ಲಿನ ತೆರಿಗೆಯೂ ಉಂಟು. ಉಭಯ ದೇಶಗಳ ಒಪ್ಪಂದದ ಲಾಭ ಪಡೆಯುವ ಅರ್ಜಿಯನ್ನು ತುಂಬದಿದ್ದರೆ ಶೇ. 30 ಅಲ್ಲೇ ಕಡಿತವಾಗುತ್ತದೆ. ಚಿತ್ರ ಬರೆಯಲು, ಪ್ರೋಗ್ರಾಂ ಬರೆಯಲು ಕಲಿತವನು ಈಗ ಲೆಕ್ಕಪರಿಶೋಧಕನ ಭಾಷೆಯನ್ನೂ ಕಲಿಯಬೇಕು.

ಮಾರುವುದಕ್ಕಿಂತ ಮೊದಲು ಕಣ್ಣಿಗೆ ಬೀಳಬೇಕು. 2024ನೇ ವರ್ಷವೊಂದರಲ್ಲೇ ಸ್ಟೀಮ್‌ನಲ್ಲಿ 18,000ಕ್ಕೂ ಹೆಚ್ಚು ಆಟಗಳು ಬಿಡುಗಡೆಯಾದವು. ದಿನಕ್ಕೆ ಸರಾಸರಿ 50! ಮೊಬೈಲ್‌ನ ದಾರಿ ಅಗ್ಗ. ಗೂಗಲ್ ಪ್ಲೇ ಖಾತೆಗೆ ಒಮ್ಮೆ 25 ಡಾಲರ್ ಕಟ್ಟಿದರಾಯಿತು, ಮೊದಲ 10 ಲಕ್ಷ ಡಾಲರ್ ಆದಾಯದವರೆಗೆ ಅದರ ಪಾಲನ್ನು 2021ರಲ್ಲಿ ಶೇ. 15ಕ್ಕೆ ಇಳಿಸಲಾಯಿತು. ಆದರೆ ಹೊಸದಾಗಿ ವೈಯಕ್ತಿಕ ಖಾತೆ ತೆರೆದವರಿಗೆ 2023ರ ಕೊನೆಯಲ್ಲಿ ಒಂದು ನಿಬಂಧನೆ ಬಂತು: ಬಿಡುಗಡೆಗೆ ಮುನ್ನ 20 ಮಂದಿ ಸತತ 14 ದಿನ ಆಟವನ್ನು ಪರೀಕ್ಷಿಸಬೇಕು. ಮರುವರ್ಷ ಈ ಸಂಖ್ಯೆಯನ್ನು 12ಕ್ಕೆ ಇಳಿಸಲಾಯಿತು. ಅಕ್ಕ, ಭಾವ, ಹಳೆಯ ಸಹಪಾಠಿ, ಕೆಳಗಿನ ಅಂಗಡಿಯ ಹುಡುಗರು, ಹೀಗೆ ಎಲ್ಲರನ್ನೂ ಕಾಡಿ ಬೇಡಿ ಸೇರಿಸಬೇಕು. ಹದಿಮೂರನೇ ದಿನ ಭಾವನವರು ಜಾಗ ಸಾಲದೆಂದು ಆಟವನ್ನು ಅಳಿಸಿಬಿಡುವ ಅಪಾಯವೂ ಇದ್ದೇ ಇದೆ.

'ಕಾಮಾಕ್ಷಿಪಾಳ್ಯ' ಎಂದು ಬರೆಯುವ ಕಷ್ಟ

ಆಟದ ನಾಯಕ ಕನ್ನಡ ಮಾತಾಡಲಿ, ಪರದೆಯ ಮೇಲೆ ಕನ್ನಡ ಅಕ್ಷರ ಮೂಡಲಿ ಎಂಬ ಆಸೆ ತಯಾರಕನಿಗೆ ಬಂತೆನ್ನಿ. ಅಲ್ಲಿಂದ ಶುರು ಇನ್ನೊಂದು ಹೋರಾಟ. ಕನ್ನಡ ಪತ್ರಿಕಾರಂಗದಲ್ಲಿರುವ ನಮಗೆ ಇದು ಹೆಚ್ಚು ಪರಿಚಿತ.

'ಕಾಮಾಕ್ಷಿಪಾಳ್ಯ' ಕಣ್ಣಿಗೆ ಐದು ಅಕ್ಷರ. ಕಂಪ್ಯೂಟರಿಗೆ ಅದು 13 ಸಂಕೇತಗಳ ಸರಪಳಿ. 'ಕ್ಷಿ' ಎಂಬ ಒಂದೇ ಅಕ್ಷರದಲ್ಲಿ ಕ, ಹಲಂತ, ಷ, ಗುಡಿಸು ಎಂಬ ನಾಲ್ಕು ಸಂಕೇತಗಳಿವೆ. 'ಳ್ಯ'ದಲ್ಲಿ ಮೂರು. ಇವನ್ನು ಬೆಸೆದು ಒತ್ತಕ್ಷರವಾಗಿ ತೋರಿಸುವ ಪ್ರತ್ಯೇಕ ತಂತ್ರಾಂಶ ಬೇಕು. ಇಂಗ್ಲಿಷಿನಂತೆ ಅಕ್ಷರಗಳನ್ನು ಸಾಲಾಗಿ ಜೋಡಿಸಿದರೆ ಪರದೆಯ ಮೇಲೆ 'ಕಾಮಾಕ್‌ಷಿಪಾಳ್‌ಯ' ಎಂಬಂಥ ಮುರುಕು ರೂಪ ಮೂಡುತ್ತದೆ.

ಆಟಗಳನ್ನು ಕಟ್ಟುವ ಸಿದ್ಧ ತಂತ್ರಾಂಶವನ್ನು 'ಎಂಜಿನ್' ಎನ್ನುತ್ತಾರೆ. ಅತ್ಯಂತ ಜನಪ್ರಿಯ ಎಂಜಿನ್‌ಗಳಲ್ಲಿ ಒಂದಾದ 'ಯೂನಿಟಿ'ಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಪಠ್ಯ ವ್ಯವಸ್ಥೆಗೆ ಭಾರತೀಯ ಲಿಪಿಗಳ ಈ ಬೆಸುಗೆ ಗೊತ್ತಿಲ್ಲ. ಹಾಗಾಗಿ ಕೆಲವರು ಪ್ರತಿ ಸಂಭಾಷಣೆಯನ್ನೂ ಚಿತ್ರವಾಗಿಸಿ ಅಂಟಿಸುತ್ತಾರೆ. ಇನ್ನು ಕೆಲವರು ಯೂನಿಕೋಡ್ ಪಠ್ಯವನ್ನು ಹಳೆಯ ಆಸ್ಕಿ ಫಾಂಟ್‌ಗೆ ಪರಿವರ್ತಿಸುತ್ತಾರೆ. ನುಡಿ, ಬರಹ ತಂತ್ರಾಂಶಗಳ ಆರಂಭದ ದಿನಗಳಲ್ಲಿ ನಾವು ದಾಟಿ ಬಂದ ಹೊಳೆಯನ್ನು ಗೇಮ್ ತಯಾರಕ ಇಂದೂ ಈಜುತ್ತಿದ್ದಾನೆ.

ಪರಿಹಾರ ಬಂದದ್ದು ಉಚಿತ ತಂತ್ರಾಂಶದ ಕಡೆಯಿಂದ. ಅರ್ಜೆಂಟೀನಾ ಮೂಲದ 'ಗೋಡೋ' ಎಂಬ ಮುಕ್ತ ಎಂಜಿನ್‌ನ ನಾಲ್ಕನೇ ಆವೃತ್ತಿ 2023ರ ಮಾರ್ಚ್‌ನಲ್ಲಿ ಹೊರಬಂದಾಗ ಅದರಲ್ಲಿ 'ಹಾರ್ಫ್‌ಬಜ್' ಎಂಬ ಅಕ್ಷರ ಬೆಸೆಯುವ ತಂತ್ರಾಂಶ ಸೇರಿತ್ತು. ಒತ್ತಕ್ಷರಗಳು ಸರಿಯಾಗಿ ಮೂಡತೊಡಗಿದವು. 'ಬಾಲೂ ತಮ್ಮ' ಎಂಬ ದುಂಡಗಿನ, ಮಕ್ಕಳ ಆಟಕ್ಕೆ ಹೇಳಿ ಮಾಡಿಸಿದಂಥ ಕನ್ನಡ ಫಾಂಟ್ ಉಚಿತವಾಗಿಯೇ ಲಭ್ಯವಿದೆ.

ಕಾಕತಾಳೀಯವೆಂಬಂತೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಯೂನಿಟಿ ಸಂಸ್ಥೆ ಹೊಸ ಶುಲ್ಕವೊಂದನ್ನು ಘೋಷಿಸಿತು. ನಿಗದಿತ ಮಿತಿ ದಾಟಿದ ಆಟಗಳು ಪ್ರತಿ ಇನ್‌ಸ್ಟಾಲ್‌ಗೂ ಹಣ ತೆರಬೇಕೆಂಬ ನಿಯಮವದು. ವಿಶ್ವದೆಲ್ಲೆಡೆ ಸ್ವತಂತ್ರ ತಯಾರಕರು ಸಿಡಿದೆದ್ದರು. ಹತ್ತೇ ದಿನದಲ್ಲಿ ನಿಯಮ ಸಡಿಲವಾಯಿತು, ಒಂದು ವರ್ಷದ ಬಳಿಕ ಸಂಪೂರ್ಣ ರದ್ದಾಯಿತು. ಆದರೂ ಬಾಡಿಗೆ ಲೇತ್ ನಂಬಿ ಅಂಗಡಿ ಇಡಬಾರದು ಎಂಬ ಅಭಿಪ್ರಾಯ ಗಟ್ಟಿಯಾಯಿತು. ಅನೇಕರು ಗೋಡೋ ಕಡೆ ವಾಲಿದರು.

ಕನ್ನಡದ ಆಟವನ್ನು ಯಾರು ಕೊಳ್ಳುತ್ತಾರೆ ಎಂಬ ಪ್ರಶ್ನೆ ಉಳಿದೇ ಇದೆ. ಸ್ಟೀಮ್ ಮಳಿಗೆಯ ಪುಟಗಳನ್ನು ಓದಬಹುದಾದ ಭಾಷೆಗಳಲ್ಲಿ ಕನ್ನಡವಿಲ್ಲ. ಆದರೆ ಪ್ರಾದೇಶಿಕತೆ ಮಾರಾಟವಾಗದು ಎಂದು ತೀರ್ಮಾನಿಸುವ ಮುನ್ನ 'ವೆಣ್ಬಾ'ದತ್ತ ನೋಡಬೇಕು. ಕೆನಡಾದ ಪುಟ್ಟ ಸ್ಟುಡಿಯೊ 2023ರಲ್ಲಿ ಹೊರತಂದ ಈ ಆಟದಲ್ಲಿ ಯುದ್ಧವಿಲ್ಲ, ಬಂದೂಕಿಲ್ಲ. 1980ರ ದಶಕದಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿಯೊಬ್ಬಳು ಹರಿದ ಪಾಕಪುಸ್ತಕ ನೋಡಿ ಇಡ್ಲಿ ಮಾಡುತ್ತಾಳೆ. 2024ರಲ್ಲಿ ಬ್ರಿಟನ್ನಿನ ಬಾಫ್ಟಾ ಚೊಚ್ಚಲ ಆಟದ ಪ್ರಶಸ್ತಿ ಅದಕ್ಕೆ ಸಂದಿತು. ಚೌಕಾಬಾರ, ಅಳಗುಳಿಮಣೆ, ಹುಲಿ-ಕುರಿ ಆಟಗಳ ನಾಡಿನವರಾದ ನಮ್ಮ ಬಳಿ ಸರಕಿಗೆ ಬರವಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ್ ಹೆಸರಿನಲ್ಲಿರುವ 'ಶ್ರೀತತ್ತ್ವನಿಧಿ'ಯಲ್ಲಿ ಆಟಗಳಿಗೆಂದೇ ಒಂದು ಭಾಗವಿದೆ.

'ಗೇಮ್' ಎಂಬ ಕೆಟ್ಟ ಹೆಸರು

ಹುಡುಗ ಏನು ಮಾಡುತ್ತಾನೆ ಎಂದು ಹೆಣ್ಣಿನ ಕಡೆಯವರು ಕೇಳಿದಾಗ 'ಗೇಮ್' ಎಂದು ಉತ್ತರಿಸುವುದು ಸುಲಭವಲ್ಲ. ನಮ್ಮಲ್ಲಿ ಗೇಮಿಂಗ್ ಎಂದರೆ ಹಣ ಕಟ್ಟಿ ಆಡುವ ರಮ್ಮಿ, ಸಾಲ, ಮನೆ ಹಾಳು ಎಂಬ ಭಾವನೆ ಬೇರೂರಿದೆ. ಭಾವನೆ ಆಧಾರರಹಿತವೂ ಅಲ್ಲ. ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಪ್ರಮುಖ ಅಂಶಗಳನ್ನು ರದ್ದುಪಡಿಸಿತು. 2023ರ ಅಕ್ಟೋಬರ್‌ನಿಂದ ಇಂಥ ಆಟಗಳ ಪೂರ್ಣ ಪಣದ ಮೇಲೆ ಶೇ. 28 ಜಿಎಸ್‌ಟಿ ಬಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟಗಳನ್ನು ದೇಶದಾದ್ಯಂತ ನಿಷೇಧಿಸಿತು.

ಸ್ವತಂತ್ರ ತಯಾರಕರ ಅಳಲು ಇಲ್ಲಿದೆ. ಅವರ ಆಟದಲ್ಲಿ ಪಣವಿಲ್ಲ, ಗೆದ್ದವನಿಗೆ ಹಣವಿಲ್ಲ. ಪುಸ್ತಕದಂತೆ, ಸಿನಿಮಾದಂತೆ ಒಮ್ಮೆ ಕೊಂಡು ಅನುಭವಿಸುವ ಕೃತಿ ಅದು. ಆದರೂ ಸುದ್ದಿಯ ತಲೆಬರಹದಲ್ಲಿ ಇಬ್ಬರಿಗೂ ಒಂದೇ ಪದ. ಈ ತಪ್ಪಿನಲ್ಲಿ ನಮ್ಮಂಥ ವರದಿಗಾರರ ಪಾಲೂ ಇದೆ ಎಂದು ಒಪ್ಪಿಕೊಳ್ಳಬೇಕು. ಎರಡನ್ನೂ ಬೇರೆಬೇರೆಯಾಗಿ ಪರಿಗಣಿಸುವಂತೆ ಹತ್ತಾರು ಸಂಸ್ಥೆಗಳು ಕೇಂದ್ರಕ್ಕೆ ಪತ್ರ ಬರೆದಿದ್ದವು. 2025ರ ಕಾಯ್ದೆ ಹಣದ ಆಟ, ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಪ್ರತ್ಯೇಕವಾಗಿ ಹೆಸರಿಸಿರುವುದು ಅಷ್ಟರ ಮಟ್ಟಿಗೆ ಸಮಾಧಾನ.

ನೀತಿಯ ಕಣ್ಣಿಗೆ ಬೀಳದವನು

ಅನಿಮೇಷನ್, ದೃಶ್ಯ ಪರಿಣಾಮ ಮತ್ತು ಗೇಮ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿ ರೂಪಿಸಿದ ದೇಶದ ಮೊದಲ ರಾಜ್ಯ ಕರ್ನಾಟಕ. ಅದು 2012ರಲ್ಲಿ. 2021ರಲ್ಲಿ ಮಹದೇವಪುರದಲ್ಲಿ ಉತ್ಕೃಷ್ಟತಾ ಕೇಂದ್ರ ಉದ್ಘಾಟನೆಯಾಯಿತು. 2024ರ ಜನವರಿಯಲ್ಲಿ ಪ್ರಕಟವಾದ ಮೂರನೇ ನೀತಿ 2029ರವರೆಗಿನದು, 30,000 ಹೊಸ ಉದ್ಯೋಗಗಳ ಗುರಿ ಹೊಂದಿದೆ. ಶ್ಲಾಘನೀಯ ಕ್ರಮಗಳೇ. ಆದರೆ ಉದ್ಯೋಗದ ಲೆಕ್ಕ ಹಿಡಿದು ಅಳೆದಾಗ ಸಾವಿರ ಮಂದಿಯ ಜಾಬ್ ವರ್ಕ್ ಸ್ಟುಡಿಯೊ ಮೊದಲು ಕಾಣುತ್ತದೆ. ಒಬ್ಬನೇ ಕುಳಿತು ಎರಡು ವರ್ಷ ಸಂಬಳವಿಲ್ಲದೆ ಆಟ ಕಟ್ಟುವವನು ಯಾವ ಕಾಲಂಗೂ ಸಲ್ಲುವುದಿಲ್ಲ. ಆತನಿಗೆ ಬೇಕಾದದ್ದು ದೊಡ್ಡ ಮೊತ್ತವಲ್ಲ. ಮೇಲಿನ ಲೆಕ್ಕದ 6 ಲಕ್ಷದಲ್ಲಿ ಅರ್ಧ ಸಿಕ್ಕರೂ ಮಧ್ಯಾಹ್ನದ ಜಾಬ್ ವರ್ಕ್ ಬಿಟ್ಟು ಒಂದು ವರ್ಷ ತನ್ನ ಆಟಕ್ಕೇ ಕೂರಬಹುದು.

ಮಹದೇವಪುರ ನಗರದ ಪೂರ್ವದ ಅಂಚು, ಕಾಮಾಕ್ಷಿಪಾಳ್ಯ ಪಶ್ಚಿಮದ್ದು. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಪೂರ್ಣವಾದ ಮೇಲೆ ಹೊಸಹಳ್ಳಿಯಲ್ಲಿ ಮೆಟ್ರೊ ಹತ್ತಿದರೆ ರೈಲು ಬದಲಿಸದೆ ಆ ಭಾಗ ತಲುಪಬಹುದು. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮೂರನೇ ಹಂತದ ಯೋಜನೆಯಲ್ಲಿ ಹೊಸಹಳ್ಳಿಯಿಂದ ಮಾಗಡಿ ರಸ್ತೆಯಗುಂಟ ಕಡಬಗೆರೆಗೆ ಹೋಗುವ 12.5 ಕಿ.ಮೀ. ಮಾರ್ಗವಿದ್ದು, ಕಾಮಾಕ್ಷಿಪಾಳ್ಯಕ್ಕೂ ಒಂದು ನಿಲ್ದಾಣ ದೊರೆಯಲಿದೆ. ಫಲಕದ ಮೇಲೆ ಒತ್ತಕ್ಷರಗಳು ಸರಿಯಾಗಿ ಮೂಡುವುದರಲ್ಲಿ ಅಲ್ಲಿ ಅನುಮಾನವಿಲ್ಲ.